ಮೆಂಫಿಸ್‌ನಿಂದ ಎಲ್ಲರಿಗೂ ನಮ್ಮ ಕೃತಜ್ಞತೆಗಳು

ನಮ್ಮವರು ಕಳೆದ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ನಡೆದದ್ದೇನೆಂಬುದು ಇದನ್ನು ಓದುವವರಿಗೆಲ್ಲ ತಿಳಿದಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಸರದಿಯಂತೆ ಊಟ ತಂದುಕೊಟ್ಟ ಇಲ್ಲಿನ ಕನ್ನಡ ಕುಟುಂಬಗಳಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದ ಗೆಳತಿಯರಿಗೆ, ಮೈಸೂರಿನಿಂದ ದಿನವೂ ಫೋನ್ ಮಾಡಿ ಧೈರ್ಯ ತುಂಬಿದ ಅತ್ತೆ ಮಾವನವರಿಗೆ ಮತ್ತು ನನ್ನ ಸಹೋದ್ಯೋಗಿಗಳಿಗೆ ನಾವಿಬ್ಬರೂ ಋಣಿಗಳು.

ಪಕ್ಕದ ಮನೆಯ ಹಿರಿಯ ಮಹಿಳೆಯ ವಿಷಯವನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸಲಾರೆ. ಬೆಳಗಾಗುವವರೆಗೆ ಏನನ್ನೂ ಹೇಳಲಾಗದು ಎಂದು ವೈದ್ಯರು ತಿಳಿಸಿದ ಆ ರಾತ್ರಿ, ಯಾರೂ ಕರೆಯದಿದ್ದರೂ ಅವರು ಆಸ್ಪತ್ರೆಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಅದಕ್ಕಾಗಿಯೇ ಅವರಿಗೆ ನನ್ನ ಮೊದಲ ನಮಸ್ಕಾರ. ಬಹಳ ಹೊತ್ತಾದ ಮೇಲೆ ಕೈಚೀಲದಿಂದ ಹಳೆಯ ಸಿಡಿ ಪ್ಲೇಯರ್ ತೆಗೆದು, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗಿತ್ತರು. ಅದರಲ್ಲಿದ್ದುದು ಈ ಊರಿನದೇ ಆದ ಬಿಗ್ ಸ್ಟಾರ್ ತಂಡದ ಮೊದಲ ಎರಡು ಆಲ್ಬಮ್‌ಗಳನ್ನು ಒಟ್ಟುಗೂಡಿಸಿ 2009ರಲ್ಲಿ ಮರುಬಿಡುಗಡೆ ಮಾಡಿದ ಡಿಸ್ಕ್.

ಮಿನುಗುವ ಗಿಟಾರ್, ಒಂದರ ಮೇಲೊಂದು ಏರುವ ಕಂಠಗಳು, ಮೂರು ನಿಮಿಷದಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸುವ ಹಾಡುಗಳು: ಪವರ್ ಪಾಪ್ ಎಂದು ಕರೆಯುವ ಈ ಸಂಗೀತ ಉಲ್ಲಾಸದ್ದೆಂದು ಭಾವಿಸಿದ್ದ ನನಗೆ, ಅದರೊಳಗೆ ಇಷ್ಟೊಂದು ದುಗುಡವಿದೆಯೆಂದು ಆವರೆಗೆ ತಿಳಿದಿರಲಿಲ್ಲ. ಹದಿನಾರರ ಹರೆಯದಲ್ಲೇ, 1967ರಲ್ಲಿ, ಬಾಕ್ಸ್ ಟಾಪ್ಸ್ ತಂಡದ ಗಾಯಕನಾಗಿ ಅಮೆರಿಕದ ಹಾಡುಗಳ ಪಟ್ಟಿಯ ತುದಿಗೇರಿದ್ದ ಅಲೆಕ್ಸ್ ಚಿಲ್ಟನ್ ಇಲ್ಲಿ ಇನ್ನೇನು ಒಡೆದೀತು ಎನ್ನುವ ದನಿಯಲ್ಲಿ ಹಾಡುತ್ತಾರೆ. ಅಂದು ಪ್ರಾರ್ಥಿಸಲು ನನಗೆ ಶಬ್ದಗಳೇ ಹೊಳೆಯಲಿಲ್ಲ. ನಮ್ಮವರಿಲ್ಲದೆ ನಾನು ಹೇಗೆ ಬದುಕಲಿ ಎಂದು ಆ ಹಿರಿಯರನ್ನು ಕೇಳಿಬಿಟ್ಟೆ. ಅವರು ಉತ್ತರಿಸಲಿಲ್ಲ, ಎದ್ದೂ ಹೋಗಲಿಲ್ಲ.

ಆಮೇಲೆ, ನಾನು ತುಸು ಸುಧಾರಿಸಿಕೊಂಡಾಗ, ಅವರು ಆ ತಂಡದ ಕಥೆ ಹೇಳಿದರು. ಚಿಕ್ಕವರಿದ್ದಾಗ ಅವರ ಪಾಲಿಗೆ ಬಿಗ್ ಸ್ಟಾರ್ ಎಂದರೆ ತಾಯಿಯ ಜೊತೆ ದಿನಸಿ ಕೊಳ್ಳಲು ಹೋಗುತ್ತಿದ್ದ ಅಂಗಡಿ. ತಂಡ ತನ್ನ ಹಾಡುಗಳನ್ನು ಮುದ್ರಿಸುತ್ತಿದ್ದ ಆರ್ಡೆಂಟ್ ಸ್ಟುಡಿಯೋದ ಬಳಿಯಿದ್ದ ಅದೇ ಹೆಸರಿನ ಅಂಗಡಿಯಿಂದಲೇ ತಂಡ ತನ್ನ ಹೆಸರನ್ನು ಪಡೆದಿತ್ತು. ಮೊದಲ ಆಲ್ಬಮ್ 1972ರಲ್ಲಿ ಬಂದಾಗ ವಿಮರ್ಶಕರು ಮೆಚ್ಚಿದರು, ಆದರೆ ವಿತರಣೆಯ ತೊಡಕುಗಳಿಂದಾಗಿ ಅದು ಅಂಗಡಿಗಳಿಗೆ ಸರಿಯಾಗಿ ತಲುಪಲಿಲ್ಲ; 1974ರ ಎರಡನೆಯದರ ಪಾಡೂ ಅದೇ ಆಯಿತು. ಎರಡೂ ಆಲ್ಬಮ್‌ಗಳನ್ನು ಒಂದೇ ಡಿಸ್ಕಿಗೆ ಸೇರಿಸಿದ 1992ರ ಆವೃತ್ತಿ ಬಂದ ಮೇಲೆಯೇ, ತಮ್ಮೂರಿನ ಈ ಹಾಡುಗಳನ್ನು ಅವರು ಮೊದಲ ಬಾರಿಗೆ ಕೇಳಿದ್ದಂತೆ. ಈ ಹಾಡುಗಳಿಗೆ ಆರಂಭದಲ್ಲಿ ರೂಪ ಕೊಟ್ಟ ಕ್ರಿಸ್ ಬೆಲ್ ಅದನ್ನು ನೋಡಲು ಉಳಿದಿರಲಿಲ್ಲ. 1978ರ ಡಿಸೆಂಬರ್‌ನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಈ ಮಾತು ಬಂದಾಗ ಅವರು ಪ್ಲೇಯರನ್ನು ನಿಲ್ಲಿಸಿ, ನನ್ನ ಕೈಯನ್ನು ಹಿಡಿದುಕೊಂಡರು.

ಆರ್ಡೆಂಟ್‌ನ ಸ್ಥಾಪಕ ಜಾನ್ ಫ್ರೈ ಅವರಿಗೂ ನಾನು ಕೃತಜ್ಞಳು. ಧ್ವನಿಮುದ್ರಣದ ಕೆಲಸವನ್ನು ಆ ಹುಡುಗರಿಗೆ ಕಲಿಸಿ, ಸ್ಟುಡಿಯೋ ಬಿಡುವಾಗಿರುವ ರಾತ್ರಿಗಳಲ್ಲಿ ತಮ್ಮ ಹಾಡುಗಳನ್ನು ತಾವೇ ಕಟ್ಟಿಕೊಳ್ಳಲು ಬಿಟ್ಟವರು ಅವರು. 2014ರಲ್ಲಿ ತೀರಿಕೊಂಡ ಅವರಿಗೆ ಈ ಮಾತು ತಲುಪದು, ಆದರೂ ಬರೆಯಲೇಬೇಕೆನಿಸಿತು. ಕೊಳ್ಳುವವರಿಲ್ಲದ ಸಂಗೀತವನ್ನು ಅಂಥ ಅಕ್ಕರೆಯಿಂದ ಮುದ್ರಿಸಿದ್ದರಿಂದಲೇ ಅದು ಇಷ್ಟು ವರ್ಷಗಳ ಮೇಲೆ, ಇಷ್ಟು ಸ್ಪಷ್ಟವಾಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತ ಇಬ್ಬರು ಹೆಂಗಸರಿಗೆ ಕೇಳಿಸಿತು.

ಬರುವ ಶನಿವಾರ ಆ ಹಿರಿಯರು ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದಾರೆ. ಅವರು ಕೇಳಿದ ಬಿಸಿಬೇಳೆಬಾತನ್ನು ನಮ್ಮವರೇ ಮಾಡುವುದಾಗಿ ಹೇಳಿದ್ದಾರೆ. ಊಟ ತಂದುಕೊಟ್ಟ ಮನೆಗಳವರೆಲ್ಲರೂ ಅಂದು ಸಂಜೆ ಆರಕ್ಕೆ ದಯವಿಟ್ಟು ಬನ್ನಿ. ಅವರನ್ನು ನಿಮಗೆ ಪರಿಚಯಿಸಬೇಕು, ಆ ಹಾಡುಗಳನ್ನೂ ಕೇಳಿಸಬೇಕು.