ಗೆಳೆಯನಿಗೊಂದು ಪತ್ರ: ಖಜಾರರ ಇರಾನಿನಲ್ಲಿ ‘ಕಾನೂನು’ ಎಂಬ ಒಂದು ಮಾತು

ಪ್ರಿಯ ಗೆಳೆಯ,

ಖಜಾರ್ ರಾಜವಂಶದ ಕಾಲದ ಪ್ರಧಾನಿ ಅಮೀರ್ ಕಬೀರ್ ಇನ್ನು ಹತ್ತು ವರ್ಷ ಬದುಕಿದ್ದಿದ್ದರೆ ಇರಾನಿನ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಆ ಮಾತನ್ನು ನಾನೂ ಬಹಳ ಕಾಲ ನಂಬಿದ್ದೆ. ಈಗ ಹಾಗೆನ್ನಿಸುವುದಿಲ್ಲ.

ಅವನು ಅಡುಗೆಯವನ ಮಗ. ತಂದೆ ಕೆಲಸಕ್ಕಿದ್ದದ್ದು ಖಾಯಿಮ್ ಮಖಾಮ್ ಫರಾಹಾನಿ ಎಂಬ ಮಂತ್ರಿಯ ಮನೆಯಲ್ಲಿ. ಆ ಮಂತ್ರಿಯನ್ನು 1835ರಲ್ಲಿ ದೊರೆ ಮಹಮ್ಮದ್ ಷಾ ಉಸಿರುಗಟ್ಟಿಸಿ ಕೊಲ್ಲಿಸಿದ. 1848ರಲ್ಲಿ ಹದಿನೇಳು ವರ್ಷದ ನಾಸಿರುದ್ದೀನ್ ಷಾ ಪಟ್ಟಕ್ಕೆ ಬಂದಾಗ ಪ್ರಧಾನಿಯಾದವನು ಅಡುಗೆಯವನ ಈ ಮಗ. ಮೂರೇ ವರ್ಷಗಳಲ್ಲಿ ಅವನು ದರ್ಬಾರಿಗರು ಕೂತು ಉಣ್ಣುತ್ತಿದ್ದ ವರ್ಷಾಶನಗಳಿಗೆ ಕತ್ತರಿ ಹಾಕಿದ, ಸಿಡುಬಿನ ಲಸಿಕೆ ಹಾಕಿಸಿದ, ಸರ್ಕಾರಿ ಪತ್ರಿಕೆ ಹೊರಡಿಸಿದ, ವೈದ್ಯ, ಗಣಿತ, ಯುದ್ಧವಿದ್ಯೆಗಳನ್ನು ಕಲಿಸುವುದಕ್ಕೆ ಆಸ್ಟ್ರಿಯಾದಿಂದ ಮೇಷ್ಟರುಗಳನ್ನು ಕರೆಸಿ ತೆಹ್ರಾನಿನಲ್ಲಿ ದಾರುಲ್ ಫುನೂನ್ ಶಾಲೆಗೆ ಅಡಿಪಾಯ ಹಾಕಿದ. ಶಾಲೆಯ ಬಾಗಿಲು ತೆರೆದದ್ದು 1851ರ ಡಿಸೆಂಬರ್ ಕೊನೆಯಲ್ಲಿ. ಆ ಹೊತ್ತಿಗೆ ಅವನು ಅಧಿಕಾರ ಕಳೆದುಕೊಂಡು, ಕಾಶಾನ್ ಪಟ್ಟಣದ ಹತ್ತಿರದ ಫಿನ್ ತೋಟದಲ್ಲಿ ಸೆರೆಯಾಳಾಗಿದ್ದ. ಎರಡು ವಾರ ಕಳೆಯುವುದರೊಳಗೆ ರಾಜಾಜ್ಞೆ ಹಿಡಿದು ಬಂದವರು ಅವನನ್ನು ಅಲ್ಲಿನ ಸ್ನಾನಗೃಹದಲ್ಲಿ ಕಂಡು, ಕೈಯ ರಕ್ತನಾಳಗಳನ್ನು ಕೊಯ್ಯಿಸಿದರು. ಜೊತೆಗೇ ಸೆರೆಮನೆವಾಸಕ್ಕೆ ಬಂದಿದ್ದ ಹೆಂಡತಿ ಬೇರೆ ಯಾರೂ ಅಲ್ಲ, ಷಾನ ಒಡಹುಟ್ಟಿದ ತಂಗಿ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಒಬ್ಬ ರಾಜನ ಮನಸ್ಸು ತಿರುಗಿದರೆ ಎಂಥ ಒಳ್ಳೆಯ ಮಂತ್ರಿಯೂ ಉಳಿಯುವುದಿಲ್ಲ ಎಂಬುದು ಆ ತಲೆಮಾರಿನ ಓದಿದವರಿಗೆ ಇದರಿಂದ ಖಚಿತವಾಯಿತು. ಹತ್ತು ವರ್ಷ ಹೆಚ್ಚು ಸಿಕ್ಕಿದ್ದರೆ ಆ ಹತ್ತು ವರ್ಷವೂ ಷಾನ ಮರ್ಜಿಯ ಮೇಲೆಯೇ ನಿಂತಿರುತ್ತಿತ್ತು. ಪ್ಯಾರಿಸ್ಸಿನಲ್ಲಿ ಇರಾನಿನ ರಾಯಭಾರ ಕಾರ್ಯ ನೋಡಿಕೊಳ್ಳುತ್ತಿದ್ದ ಮಿರ್ಜಾ ಯೂಸುಫ್ ಖಾನ್ 1870ರ ಸುಮಾರಿಗೆ ಒಂದು ಚಿಕ್ಕ ಪುಸ್ತಕ ಬರೆದು ಅದಕ್ಕೆ ‘ಒಂದು ಮಾತು’ ಎಂಬರ್ಥದ ಹೆಸರಿಟ್ಟ. ಯುರೋಪಿನ ಏಳಿಗೆಯ ಗುಟ್ಟೆಲ್ಲ ಅಡಗಿರುವ ಆ ಒಂದು ಮಾತು, ಕಾನೂನು. ಫ್ರಾನ್ಸಿನ ಹಕ್ಕುಗಳ ತತ್ತ್ವಗಳ ಪಕ್ಕದಲ್ಲಿ ಕುರಾನಿನ ವಾಕ್ಯಗಳನ್ನಿಟ್ಟು, ಇವು ನಮಗೆ ಪರಕೀಯವಲ್ಲ ಎಂದು ಅವನು ವಾದಿಸಿದ. 1890ರಲ್ಲಿ ಸುಧಾರಣಾವಾದಿ ಮಲ್ಕಮ್ ಖಾನ್ ಲಂಡನ್ನಿನಿಂದ ಹೊರಡಿಸಿದ ಪತ್ರಿಕೆಯ ಹೆಸರೂ ‘ಖಾನೂನ್’. ನಮ್ಮ ಕಚೇರಿ, ಕೋರ್ಟುಗಳಲ್ಲಿ ದಿನಬೆಳಗಾದರೆ ಕೇಳಿಬರುವ ಪದವೇ ಅದು ನೋಡು. ಅಲ್ಲಿ ಆ ಪದವನ್ನು ತಲೆಬರಹವಾಗಿ ಹೊತ್ತ ಹಾಳೆಗಳನ್ನು ಕದ್ದುಮುಚ್ಚಿ ಗಡಿ ದಾಟಿಸಬೇಕಾಗಿತ್ತು.

ಆದರೆ ಓದಿದವರ ಮಾತು ಬಜಾರಿಗೆ ಇಳಿದದ್ದು ತಂಬಾಕಿನ ದೆಸೆಯಿಂದ. 1890ರಲ್ಲಿ ಷಾ ದೇಶದ ತಂಬಾಕಿನ ವ್ಯಾಪಾರವನ್ನೆಲ್ಲ ಐವತ್ತು ವರ್ಷಗಳ ಮಟ್ಟಿಗೆ ಒಬ್ಬ ಇಂಗ್ಲಿಷಿನವನಿಗೆ ಗುತ್ತಿಗೆ ಕೊಟ್ಟ. ವರ್ಷಕ್ಕೆ 15,000 ಪೌಂಡು ಮತ್ತು ಲಾಭದ ಕಾಲು ಪಾಲು, ಇಷ್ಟಕ್ಕೆ. ಮರುವರ್ಷ ಡಿಸೆಂಬರಿನಲ್ಲಿ ಈಗಿನ ಇರಾಕಿನ ಸಾಮರ್ರಾದ ಧರ್ಮಗುರು ಮಿರ್ಜಾ ಹಸನ್ ಶಿರಾಜಿಯ ಹೆಸರಿನಲ್ಲಿ ಫತ್ವಾ ಹೊರಟಿತು: ತಂಬಾಕು ಸೇದುವುದು ನಿಷಿದ್ಧ. ಅಂಗಡಿಗಳು ಮುಚ್ಚಿದವು. ಅಂತಃಪುರದ ಹೆಂಗಸರು ಸಹ ಹುಕ್ಕಾ ಮುಟ್ಟಲಿಲ್ಲ. ಸ್ವಂತ ಮನೆಯೊಳಗೇ ಆಜ್ಞೆ ನಡೆಯದಾದ ಮೇಲೆ ಷಾ 1892ರ ಜನವರಿಯಲ್ಲಿ ಗುತ್ತಿಗೆಯನ್ನು ರದ್ದುಮಾಡಿದ. ಪರಿಹಾರದ ಐದು ಲಕ್ಷ ಪೌಂಡು ದೇಶದ ತಲೆಯ ಮೇಲೆ ಸಾಲವಾಗಿ ಬಿತ್ತು.

ಮುಂದಿನದು ನಿನಗೆ ಗೊತ್ತಿರುವುದೇ. 1905ರಲ್ಲಿ ಸಕ್ಕರೆ ವ್ಯಾಪಾರಿಗಳ ಅಂಗಾಲಿಗೆ ಹೊಡೆಸಿದ್ದರಿಂದ ಎದ್ದ ಗಲಭೆ, ಮರುವರ್ಷ ಬ್ರಿಟಿಷ್ ರಾಯಭಾರ ಕಚೇರಿಯ ಅಂಗಳದಲ್ಲಿ ಆಶ್ರಯ ಪಡೆದ ಸಾವಿರಾರು ಜನ, ಅವರ ಒತ್ತಾಯಕ್ಕೆ ಹುಟ್ಟಿದ ಮಜ್ಲಿಸ್ ಎಂಬ ಸಂಸತ್ತು, 1908ರಲ್ಲಿ ಆಗಿನ ಷಾನ ಕಡೆಯಿಂದ ಅದರ ಮೇಲೆ ಬಿದ್ದ ಫಿರಂಗಿ ಗುಂಡುಗಳು. ನನ್ನ ಮನಸ್ಸು ನಿಲ್ಲುವುದು 1907ರ ಪೂರಕ ಸಂವಿಧಾನದ 35ನೇ ಕಲಮಿನ ಹತ್ತಿರ. ರಾಜತ್ವವೆಂಬುದು ದೈವಾನುಗ್ರಹದಿಂದ ಜನತೆ ರಾಜನ ಕೈಗೆ ಒಪ್ಪಿಸಿದ ಠೇವಣಿ ಎಂದು ಅದು ಹೇಳುತ್ತದೆ. ಫಿನ್ ತೋಟದ ಕೊಲೆಗೂ ಈ ವಾಕ್ಯಕ್ಕೂ ನಡುವೆ ಐವತ್ತಾರು ವರ್ಷವೂ ತುಂಬಿಲ್ಲ.

ಖಜಾರರನ್ನು ಪಟ್ಟದಿಂದ ಇಳಿಸಿದ್ದೂ 1925ರ ಅಕ್ಟೋಬರ್ 31ರ ಮಜ್ಲಿಸ್ ಮತವೇ, ಅದರ ಹಿಂದೆ, ಮುಂದೆ ತಾನೇ ಷಾ ಆದ ಪ್ರಧಾನಿ ರೆಜಾ ಖಾನನ ಸೈನ್ಯಬಲ ಇದ್ದರೂ. ಅಂದು ಎದ್ದು ನಿಂತು ವಿರೋಧಿಸಿದ ಬೆರಳೆಣಿಕೆಯ ಸದಸ್ಯರಲ್ಲಿ, ಮುಂದೊಮ್ಮೆ ಪ್ರಧಾನಿಯಾದ ಮೊಸದ್ದಿಖ್ ಒಬ್ಬ. ತಾಯಿಯ ಕಡೆಯಿಂದ ಅವನು ಖಜಾರ್ ಮನೆತನದವನು, ಆದರೂ ಆ ವಂಶದ ಪರವಾಗಿ ಅವನು ವಾದಿಸಲಿಲ್ಲ. ರಾಜನೂ ರೆಜಾ ಖಾನನೇ, ಆಡಳಿತ ನಡೆಸುವವನೂ ರೆಜಾ ಖಾನನೇ ಆದರೆ ಸಂವಿಧಾನ ಉಳಿಯುವುದಿಲ್ಲ ಎಂಬುದು ಅವನ ವಾದವಾಗಿತ್ತು.

ನಿನ್ನ ಉತ್ತರಕ್ಕಾಗಿ ಕಾಯುತ್ತಿರುವ,
ನಿನ್ನ ಗೆಳೆಯ