ಸ್ಮಾರ್ಟ್ ವಾಚ್ ತೋರಿಸುವ ತಪ್ಪು ಕ್ಯಾಲೊರಿ ಲೆಕ್ಕದ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಾನು ಹುಬ್ಬಳ್ಳಿಯ ಉಣಕಲ್‌ನವಳು. ನಾಲ್ಕು ತಿಂಗಳ ಹಿಂದೆ ನಿಮ್ಮ ಸ್ಮಾರ್ಟ್ ವಾಚ್ ಕೊಂಡೆ. ನನಗೆ ಸಕ್ಕರೆ ಕಾಯಿಲೆ ಇದೆ. ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದಾರೆ. ದಿನಾ ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಒಂದು ತಾಸು ನಡೆಯುತ್ತೇನೆ. ವಾಚು 410ರ ಆಸುಪಾಸು ಕ್ಯಾಲೊರಿ ತೋರಿಸುತ್ತದೆ. ಅದನ್ನು ನಂಬಿ ಮಧ್ಯಾಹ್ನ ಒಂದು ರೊಟ್ಟಿ ಜಾಸ್ತಿ ಉಣ್ಣುತ್ತಿದ್ದೆ. ತೂಕ ಇಳಿಯುವುದಿರಲಿ, ಒಂದೂವರೆ ಕಿಲೋ ಏರಿತು.

ಆಮೇಲೆ ನಾನೇ ಲೆಕ್ಕಕ್ಕೆ ಕೂತೆ. ಈಗ ನನ್ನ ತೂಕ 64 ಕಿಲೋ. ಸಮತಟ್ಟು ದಾರಿಯಲ್ಲಿ ತಾಸಿಗೆ ಐದು ಕಿಲೋಮೀಟರಿನ ಹತ್ತಿರದ ನಡಿಗೆಗೆ 3.5 ಮೆಟ್, ಅಂದರೆ ಸುಮ್ನೆ ಕೂತಾಗ ಆಗುವ ಖರ್ಚಿನ ಮೂರೂವರೆ ಪಟ್ಟು ಅಂತ ಹಿಡಿಯುತ್ತಾರೆ. ಲೆಕ್ಕದಲ್ಲಿ ಕಿಲೋ ತೂಕಕ್ಕೆ ತಾಸಿಗೆ ಸುಮಾರು 3.5 ಕ್ಯಾಲೊರಿ. ನನಗೆ 224 ಆಯಿತು. ಅದರಲ್ಲೂ 64 ಸುಮ್ನೆ ಕೂತಿದ್ದರೂ ಖರ್ಚಾಗುವಂಥದ್ದು. ನಡೆದದ್ದರ ಫಲ 160 ಅಷ್ಟೇ. ನೀವು ತೋರಿಸಿದ್ದು 410!

ಮಣಿಕಟ್ಟಿನ ಸಾಧನ ಕರಾರುವಾಕ್ಕಾಗಿ ಹೇಳಲಾರದು, ಒಪ್ಪುತ್ತೇನೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನ ಪರೀಕ್ಷಿಸಿದಾಗ, ಅವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಕ್ಯಾಲೊರಿಯಲ್ಲಿ ಸರಾಸರಿ ಶೇ 27ರಷ್ಟು ತಪ್ಪಿತ್ತು. ಆದರೆ ನಿಮ್ಮದು ಬೇರೆಯೇ ತಪ್ಪು. ಆ್ಯಪಿನಲ್ಲಿ ತೂಕವನ್ನು 84 ಅಂತ ಬದಲಿಸಿ ಅದೇ ದಾರಿ, ಅಷ್ಟೇ ಹೊತ್ತು ನಡೆದೆ. ಬಂದದ್ದು 409. ಹಾಗಾದರೆ ತೂಕ ಕೇಳುವುದು ಯಾಕೆ? ನೃಪತುಂಗ ಬೆಟ್ಟ ಹತ್ತಿದ ದಿನ ಎದೆಬಡಿತ 138ಕ್ಕೆ ಏರಿದ್ದನ್ನು ಇದೇ ವಾಚು ತೋರಿಸಿತು. ಕ್ಯಾಲೊರಿ ಮಾತ್ರ ಕೆರೆ ದಂಡೆಯ ಅಷ್ಟೇ ಹೆಜ್ಜೆಗೆ ಬರುವಷ್ಟೇ. ತರಕಾರಿ ಚೀಲ ಹಿಡಿದು ಬಂದರೆ ಕೈ ಬೀಸುವುದಿಲ್ಲ ನೋಡಿ, ಹೆಜ್ಜೆಯೂ ಕ್ಯಾಲೊರಿಯೂ ಅರ್ಧಕ್ಕೆ ಇಳಿಯುತ್ತವೆ. ಭಾರ ಹೊತ್ತರೆ ಜಾಸ್ತಿ ಆಗಬೇಕಲ್ವಾ? ಕೈಯ ಅಲುಗಾಟವನ್ನಷ್ಟೇ ಎಣಿಸಿ ಸಂಖ್ಯೆ ಕೊಡುತ್ತಿದ್ದೀರಿ ಅಂತ ಕಾಣುತ್ತದೆ. ಡಬ್ಬಿಯ ಮೇಲೆ ಮಾತ್ರ ಎದೆಬಡಿತ, ತೂಕ, ವಯಸ್ಸು ನೋಡಿ ಲೆಕ್ಕ ಹಾಕುತ್ತೇವೆ ಅಂತ ಬರೆದಿದ್ದೀರಿ.

ಎರಡು ಸಲ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿದೆ, ಏನೂ ಬದಲಾಗಲಿಲ್ಲ.

ನನ್ನ ಹಣ ವಾಪಸ್ ಕೊಡಿ. ಆ್ಯಪಿನಲ್ಲಿ ಕೂತರೂ ಖರ್ಚಾಗುವ ಕ್ಯಾಲೊರಿ ಮತ್ತು ನಡೆದು ಖರ್ಚಾದ ಕ್ಯಾಲೊರಿ ಬೇರೆ ಬೇರೆ ತೋರಿಸಿ. ಇದು ಅಂದಾಜು ಅಂತ ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನ್ನಂತೆ ಊಟವನ್ನು ಇದರ ಮೇಲೆ ಅಳೆಯುವವರು ತುಂಬ ಜನ ಇದ್ದಾರೆ. 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲಿನ ಪ್ರತಿ ಮತ್ತು ಮೂರೂ ದಿನದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ಉಣಕಲ್, ಹುಬ್ಬಳ್ಳಿ