ಮಗಳಿಗೊಂದು ಪತ್ರ: ಎರಡು ಕುರ್ಚಿ, ಒಂದು ಸಂಬಳ

ಪುಟ್ಟಿ,

ಇನ್ನೊಂದು ಆಫೀಸಿನ ಚಾರ್ಜನ್ನೂ ನಿನ್ನ ತಲೆಗೇ ಕಟ್ಟಿದ್ದಾರೆ ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. ಆರ್ಡರಿನಲ್ಲಿ ಏನು ಬರೆದಿದ್ದಾರೆ ಅಂತ ಕೇಳಿದರೆ "ಅದೇ ಅಮ್ಮಾ, ಅಡಿಷನಲ್ ಚಾರ್ಜ್" ಅಂದುಬಿಟ್ಟೆ. ಅಷ್ಟು ಸಾಲದು. ದುಡ್ಡು ಬರುತ್ತದೋ ಇಲ್ಲವೋ, ಎಲ್ಲಿ ಸಹಿ ಹಾಕಬಹುದು, ಎಲ್ಲಿ ಹಾಕಬಾರದು, ಎಲ್ಲವೂ ಆ ಕಾಗದದ ಮೇಲೇ ನಿಂತಿದೆ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನಿರುವುದು ಕೇಂದ್ರ ಸರ್ಕಾರದಲ್ಲಿ. ಅಲ್ಲಿ ಇದಕ್ಕೆ ಆಧಾರ ಎಫ್‌ಆರ್ 49, ಅಂದರೆ ಕೇಂದ್ರದ ಫಂಡಮೆಂಟಲ್ ರೂಲ್ಸ್‌ನ 49ನೇ ನಿಯಮ. ರಾಜ್ಯ ಸರ್ಕಾರದ ನಮಗೆ ಕೆಸಿಎಸ್‌ಆರ್, ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ, ನಿಯಮ 32 ಮತ್ತು 68. ನಾನು ಖಜಾನೆಯಲ್ಲಿದ್ದವಳು, ಹೀಗೆ ಇನ್ನೊಂದು ಹುದ್ದೆಯ ಚಾರ್ಜ್ ನೋಡಿಕೊಂಡದ್ದಕ್ಕೆ ಕೊಡುವ ಪ್ರಭಾರ ಭತ್ಯೆಯ ಬಿಲ್ಲುಗಳು ನನ್ನ ಟೇಬಲ್ ಮೇಲೇ ಬರುತ್ತಿದ್ದವು. ಎಷ್ಟೋ ಬಿಲ್ಲುಗಳಿಗೆ ಆಕ್ಷೇಪಣೆ ಬರೆದು ವಾಪಸ್ ಕಳಿಸಿದ್ದೇನೆ. ಒಬ್ಬರದ್ದು ಈಗಲೂ ನೆನಪಿದೆ. ಪಾಪ, ಬೆಳಿಗ್ಗೆ ಒಂದು ಆಫೀಸು, ಮಧ್ಯಾಹ್ನ ಇನ್ನೊಂದು ಅಂತ ಓಡಾಡಿಕೊಂಡು ಕೆಲಸ ಮಾಡಿದವರು. ಆದರೆ ಬಿಲ್ಲಿನ ಹಿಂದೆ ಪಿನ್ ಮಾಡಿದ್ದ ಆದೇಶದಲ್ಲಿ "ಮುಂದಿನ ಆದೇಶದವರೆಗೆ ಸದರಿ ಕೆಲಸವನ್ನು ನೋಡಿಕೊಳ್ಳತಕ್ಕದ್ದು" ಅಂತ ಒಂದೇ ಒಂದು ಸಾಲು. ಯಾವ ನಿಯಮದಡಿ ಅಂತಿಲ್ಲ, ಪೂರ್ಣ ಪ್ರಭಾರವೋ ಅಲ್ಲವೋ ಅಂತಿಲ್ಲ, ಯಾವತ್ತು ಚಾರ್ಜ್ ತೆಗೆದುಕೊಂಡರು ಅನ್ನುವುದಕ್ಕೆ ಸಿಟಿಸಿಯೂ (ಪ್ರಭಾರ ಹಸ್ತಾಂತರದ ಪ್ರಮಾಣಪತ್ರ) ಇಲ್ಲ. ಅವರು ಕೌಂಟರಿನ ಮುಂದೆ ನಿಂತು "ಮೇಡಂ, ಕೆಲಸ ಮಾಡಿದ್ದೀನಲ್ಲ" ಅಂದರು. ಮಾಡಿದ್ದರು, ಅದರಲ್ಲಿ ಅನುಮಾನವೇ ಇರಲಿಲ್ಲ. ಕಾಗದ ಮಾತ್ರ ಹಾಗೆ ಹೇಳುತ್ತಿರಲಿಲ್ಲ.

ಈಗ ನಿನ್ನ ವಿಷಯ. ಆರ್ಡರಿನಲ್ಲಿ ಎರಡು ಥರ ಇರುತ್ತದೆ. ಒಂದು, ಆ ಹುದ್ದೆಯ ಪೂರ್ಣ ಹೆಚ್ಚುವರಿ ಪ್ರಭಾರ. ಅಂದರೆ ಆ ಹುದ್ದೆಗೆ ಕಾನೂನು ಕೊಟ್ಟ ಅಧಿಕಾರವೂ ಸೇರಿ ಎಲ್ಲ ಕೆಲಸವೂ ನಿನ್ನದು. ಇದನ್ನು ಸಕ್ಷಮ ಪ್ರಾಧಿಕಾರದ ಒಪ್ಪಿಗೆ ಪಡೆದು, ನಿನ್ನನ್ನು ಆ ಹುದ್ದೆಗೆ ನೇಮಿಸಿದ್ದೇವೆ ಅಂತ ವಿಧಿವತ್ತಾಗಿ ಆದೇಶ ಮಾಡಿ ಕೊಡಬೇಕು. ಇನ್ನೊಂದು, ಬರೀ ದಿನನಿತ್ಯದ ರೂಟೀನ್ ಕೆಲಸ ನೋಡಿಕೊಳ್ಳುವುದು. ಟಪಾಲು ನೋಡು, ಫೈಲು ಮುಂದಕ್ಕೆ ಕಳಿಸು, ಹಾಜರಿ ನೋಡು, ಇಂಥದ್ದು. ಇದಕ್ಕೆ ಒಂದು ವಾರ ಮಾಡಿದರೂ ಒಂದು ವರ್ಷ ಮಾಡಿದರೂ ಒಂದು ಪೈಸೆಯೂ ಇಲ್ಲ, ನಿಯಮವೇ ಹಾಗೆ ಹೇಳುತ್ತದೆ. ಹೀಗೆ ಕೊಡುವಾಗ ಇದು ರೂಟೀನ್ ಮಾತ್ರ, ಹೆಚ್ಚಿನ ಸಂಭಾವನೆ ಇಲ್ಲ, ಇಂಥಿಂಥ ಕೆಲಸ ಮಾಡಬಹುದು, ಇಂಥದ್ದು ಮಾಡಬಾರದು ಅಂತ ಆದೇಶದಲ್ಲೇ ಬಿಡಿಸಿ ಬರೆಯಬೇಕು ಅಂತ 1989ರಲ್ಲೇ ಕೇಂದ್ರದ ಸಿಬ್ಬಂದಿ ಇಲಾಖೆ ಹೇಳಿದೆ. ಬರೆಯುವವರು ಎಷ್ಟು ಜನ ಅಂತ ನನ್ನನ್ನು ಕೇಳಬೇಡ.

ಪೂರ್ಣ ಪ್ರಭಾರ ಆದ ಮಾತ್ರಕ್ಕೆ ದುಡ್ಡು ಗ್ಯಾರಂಟಿ ಅಂತಲೂ ಅಲ್ಲ. ಒಂದೇ ಆಫೀಸು, ಒಂದೇ ಕೇಡರ್ (ನೌಕರರ ವೃಂದ), ಒಂದೇ ವೇತನ ಶ್ರೇಣಿಯ ಪಕ್ಕದ ಕುರ್ಚಿಯಾದರೆ ಏನೂ ಸಿಗುವುದಿಲ್ಲ. ಬೇರೆ ಆಫೀಸಿನದಾದರೆ, ಅಥವಾ ಅದೇ ಆಫೀಸಿನಲ್ಲಿ ಬೇರೆ ಕೇಡರಿನದಾದರೆ, ಅದೂ ಪ್ರಭಾರ 45 ದಿನ ದಾಟಿದರೆ, ಆಗ ಮೂಲ ವೇತನದ ಶೇ 10. ನಿನ್ನದು ಬೇರೆ ಆಫೀಸು, ಎರಡೂ ಹುದ್ದೆ ವೇತನದ ಲೆವೆಲ್ 7ರವು. ನಿನ್ನ ಮೂಲ ವೇತನ 44,900, ಅಂದರೆ ತಿಂಗಳಿಗೆ 4,490 ರೂಪಾಯಿ. ಅದಕ್ಕೂ ತೆರಿಗೆ ಇದೆ. ಮೂಲ ವೇತನ ಮತ್ತು ಈ ಭತ್ಯೆ ಸೇರಿ 2,25,000 ದಾಟಬಾರದು ಅಂತ ಒಂದು ಮಿತಿ ಬೇರೆ ಇದೆ, ಸದ್ಯಕ್ಕೆ ಆ ಚಿಂತೆ ನಮಗೆ ಬೇಡ.

ಸರ್ಕಾರಕ್ಕೆ ಇದು ಅಗ್ಗದ ವ್ಯವಹಾರ ನೋಡು. ಆ ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿದ್ದರೆ ಪೂರ್ತಿ ಸಂಬಳ, ಡಿಎ, ಮನೆ ಬಾಡಿಗೆ ಭತ್ಯೆ ಎಲ್ಲ ಕೊಡಬೇಕಿತ್ತು. ಈಗ ಹತ್ತರಲ್ಲಿ ಒಂದು ಪಾಲು, ಅದೂ ನೀನು ಕೇಳಿದರೆ. ಅದಕ್ಕೇ ಖಾಲಿ ಹುದ್ದೆಗಳು ಖಾಲಿಯೇ ಇರುತ್ತವೆ ಅಂತ ನನಗೆ ಅನ್ನಿಸುತ್ತದೆ. ಹೆಚ್ಚುವರಿ ಪ್ರಭಾರಕ್ಕೆ ಮೂರು ತಿಂಗಳ ಮಿತಿ ಇಟ್ಟಿರುವುದೂ ಇದೇ ಕಾರಣಕ್ಕೆ ಇರಬೇಕು. ಅದನ್ನು ಮೀರಿ ಮುಂದುವರಿಸಲು ಸಿಬ್ಬಂದಿ ಇಲಾಖೆಯ ಒಪ್ಪಿಗೆ ಬೇಕು. ಅಷ್ಟು ಹೊತ್ತಿಗೆ ಎಲ್ಲರೂ ಸುಮ್ನೆ ಇದ್ದುಬಿಡುತ್ತಾರೆ, ಕೆಲಸ ಹೇಗೂ ನಡೆಯುತ್ತಿರುತ್ತದೆ ಅಲ್ವಾ. ಮೂರನೇ ತಿಂಗಳು ಮುಗಿಯುವ ಮುಂಚೆಯೇ, ಬಿಡುಗಡೆ ಮಾಡಿ ಇಲ್ಲವೇ ಮುಂದುವರಿಕೆಗೆ ಒಪ್ಪಿಗೆ ತರಿಸಿ ಅಂತ ಒಂದು ಅರ್ಜಿ ಕೊಟ್ಟು, ನಿನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೋ.

ಸಾಹೇಬರ ಹತ್ತಿರ ದುಡ್ಡಿನ ಮಾತು ಎತ್ತೋದು ಹೇಗೆ ಅಂತ ನಿನಗೆ ಮುಜುಗರ, ಗೊತ್ತು. ಇದರಲ್ಲಿ ಮುಜುಗರ ಏನಿದೆ? ಅಂಡಮಾನಿನ ಒಬ್ಬ ಪ್ರಾಥಮಿಕ ಶಾಲೆ ಶಿಕ್ಷಕರಿಗೆ ಸ್ಕೌಟ್ಸ್ ಕಾರ್ಯದರ್ಶಿಯ ಕೆಲಸ ನೋಡಿಕೊಳ್ಳಲು ಹೇಳಿದ್ದರು. ಸಂಬಳ ಕೇಳಿದಾಗ ನಿಮಗೆ ಬಡ್ತಿ ಕೊಟ್ಟಿಲ್ಲ ಅಂದರು. ಸುಪ್ರೀಂ ಕೋರ್ಟು 1998ರಲ್ಲಿ, ಕೆಲಸ ಮಾಡಿದಷ್ಟು ದಿನದ ವ್ಯತ್ಯಾಸದ ಹಣ ಕೊಡಿ ಅಂತ ಹೇಳಿತು. ಅದೇ ವರ್ಷ ಚಂಡೀಗಢದ ಒಬ್ಬ ಜೂನಿಯರ್ ಇಂಜಿನಿಯರ್ ಕೇಸಿನಲ್ಲಿ, ಮೇಲಿನ ಹುದ್ದೆಯ ಸಂಬಳ ಕೇಳುವುದಿಲ್ಲ ಅಂತ ನೌಕರನಿಂದ ಮೊದಲೇ ಬರೆಸಿಕೊಂಡ ಮುಚ್ಚಳಿಕೆ ನಡೆಯುವುದಿಲ್ಲ ಅಂತಲೂ ಹೇಳಿತು. ಹಾಗಾಗಿ ಯಾರಾದರೂ "ಕ್ಲೇಮ್ ಮಾಡಲ್ಲ ಅಂತ ಒಂದು ಲೆಟರ್ ಕೊಟ್ಟುಬಿಡಮ್ಮ" ಅಂದರೆ ಕೊಡಬೇಡ. ಆದರೆ ಆ ಕಡೆಗೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡ. ಕೆಳಗಿನ ಹುದ್ದೆಯವರು ಮೇಲಿನ ಹುದ್ದೆಯ ಚಾರ್ಜ್ ನೋಡಿಕೊಂಡ ಮಾತ್ರಕ್ಕೆ ಅದು ಬಡ್ತಿ ಅಲ್ಲ, ಸಿಗುವುದು ಚಾರ್ಜ್ ಭತ್ಯೆ ಅಷ್ಟೇ ಅಂತ ಅದೇ ಕೋರ್ಟು 1991ರಲ್ಲಿ ಹೇಳಿದೆ. ಕೋರ್ಟಿಗೆ ಹೋಗು ಅಂತ ನಾನು ಹೇಳುತ್ತಿಲ್ಲ. ಅವರೆಲ್ಲ ಎಷ್ಟು ವರ್ಷ ಅಲೆದಿರಬೇಕು ಅಂತ ಯೋಚಿಸಿದರೆ ಆರ್ಡರ್ ಕೈಗೆ ಬಂದ ದಿನವೇ ಕೇಳಿಬಿಡುವುದು ಎಷ್ಟೋ ಸುಲಭ.

ನಿಜ ಹೇಳಬೇಕೆಂದರೆ ನನಗೆ ಆ ನಾಲ್ಕೂವರೆ ಸಾವಿರಕ್ಕಿಂತ ನಿನ್ನ ಸಹಿಯದೇ ಚಿಂತೆ. ಆರ್ಡರಿನಲ್ಲಿ ರೂಟೀನ್ ಅಂತ ಇದ್ದು, ನೀನು ಯಾರದೋ ಒತ್ತಾಯಕ್ಕೆ ದಂಡ ಹಾಕುವ ಆದೇಶಕ್ಕೋ ಲೈಸೆನ್ಸಿಗೋ ಸಹಿ ಹಾಕಿದರೆ, ಆಮೇಲೆ ಅದು ಊರ್ಜಿತವಾಗುವುದಿಲ್ಲ, ಆಡಿಟ್‌ನವರು ಬಂದಾಗ ನಿನ್ನ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ. ಹಿಂದಿನವರು ನಗದು ಪುಸ್ತಕವನ್ನು ಎಲ್ಲಿಗೆ ಮುಗಿಸಿದ್ದಾರೆ ನೋಡಿಕೋ. ಬೀರುವಿನಲ್ಲಿರುವ ಹಣ ಎಣಿಸಿ, ಪುಸ್ತಕದ ಬಾಕಿಗೆ ತಾಳೆ ನೋಡಿ, ಅದೇ ಪುಟದಲ್ಲಿ ತಾರೀಖು ಹಾಕಿ ಸಹಿ ಮಾಡು. ಸ್ಟಾಕ್ ರಿಜಿಸ್ಟರಿನಲ್ಲಿ ಇದೆ ಅಂತ ಬರೆದದ್ದು ಕಣ್ಣಿಗೆ ಕಾಣದಿದ್ದರೆ ಚಾರ್ಜ್ ರಿಪೋರ್ಟಿನಲ್ಲಿ ಕಾಣಲಿಲ್ಲ ಅಂತಲೇ ಬರಿ. ಮುಖ ನೋಡಬೇಡ. ಬೆಳಿಗ್ಗೆಯೋ ಮಧ್ಯಾಹ್ನವೋ ಅನ್ನುವುದೂ ಅದರಲ್ಲಿ ಇರಲಿ, ಆ 45 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಆರ್ಡರಿನಲ್ಲಿ ಸ್ಪಷ್ಟ ಇಲ್ಲದಿದ್ದರೆ ಸೋಮವಾರವೇ ಒಂದು ಪತ್ರ ಹಾಕು. ಉದ್ದ ಬೇಡ. "ನನಗೆ ವಹಿಸಿರುವುದು ಎಫ್‌ಆರ್ 49ರಡಿ ಪೂರ್ಣ ಹೆಚ್ಚುವರಿ ಪ್ರಭಾರವೋ, ದಿನನಿತ್ಯದ ಕೆಲಸ ಮಾತ್ರವೋ, ದಯವಿಟ್ಟು ತಿಳಿಸಿ." ನಿಮ್ಮಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆಯಬೇಕು, ಅದು ನಿನಗೇ ಚೆನ್ನಾಗಿ ಬರುತ್ತದೆ. ಉತ್ತರ ಬರುವವರೆಗೆ ರೂಟೀನ್ ಕೆಲಸ ಮಾಡಿಕೊಂಡಿರು, ಉಳಿದ ಫೈಲು ಬಂದರೆ ಆದೇಶಕ್ಕೆ ಅಂತ ಬರೆದು ಮೇಲಕ್ಕೆ ಕಳಿಸು.

ನಿನ್ನ,
ಅಮ್ಮ